ಹಾಸನದಲ್ಲಿ ಪುಟ್ಟ ಮಗುವಿಗೆ ಅಂಗನವಾಡಿ, ಪ್ಲೇ ಹೋಮ್, ಡೇ ಕೇರ್ ಆರಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಸಂಕ್ರಾಂತಿ ಕಳೆಯುತ್ತಿದ್ದಂತೆ ಹಾಸನದ ಸಾಲಗಾಮೆ ರಸ್ತೆ, ಬಿ.ಎಂ. ರಸ್ತೆ, ವಿದ್ಯಾನಗರ, ಕುವೆಂಪುನಗರಗಳ ಕಂಬಗಳ ಮೇಲೆ ‘ಅಡ್ಮಿಷನ್ ಓಪನ್’ ಬ್ಯಾನರುಗಳು ಕಾಣಿಸಿಕೊಳ್ಳುತ್ತವೆ. ಎರಡೂವರೆ ವರ್ಷದ ಮಗುವಿರುವ ಮನೆಗಳಲ್ಲಿ ಆಗ ಅವಸರ ಶುರುವಾಗುತ್ತದೆ. ಪಕ್ಕದ ಮನೆಯವರು ಸೀಟು ಹಿಡಿದಾಯಿತು, ನಾವಿನ್ನೂ ನೋಡಿಯೇ ಇಲ್ಲ ಎಂಬ ಚಡಪಡಿಕೆ. ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ ಹಗಲಿನ ಆರೈಕೆಯನ್ನೂ ಮೊದಲ ಕಲಿಕೆಯನ್ನೂ ಆ ಅವಸರವಿಲ್ಲದೆ ಆರಿಸುವುದು ಹೇಗೆಂಬುದನ್ನು ಇಲ್ಲಿ ಕ್ರಮವಾಗಿ ಹೇಳಲಾಗಿದೆ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಒಂದು ಜಾಗದ ಗುಣ ಅಲ್ಲಿ ಎಬಿಸಿಡಿ ಹೇಳಿಸುವ ಹೊತ್ತಿನಲ್ಲಿ ತಿಳಿಯುವುದಿಲ್ಲ. ಊಟಕ್ಕೆ ಕೂರಿಸುವ ಹೊತ್ತು, ಬಾತ್‌ರೂಮಿಗೆ ಕರೆದೊಯ್ಯುವ ಹೊತ್ತು, ಮಲಗಿಸುವ ಹೊತ್ತು, ಸಂಜೆ ಗೇಟಿನಲ್ಲಿ ಮಗುವನ್ನು ಒಪ್ಪಿಸುವ ಹೊತ್ತು, ಈ ನಾಲ್ಕನ್ನು ಕಂಡವರಿಗೆ ಮಿಕ್ಕದ್ದು ತಾನಾಗಿ ಅರ್ಥವಾಗುತ್ತದೆ.

ಹಂತ 1: ಮನೆಯ ದಿನಚರಿ ಬರೆದುಕೊಳ್ಳಿ

ಜಾಗ ನೋಡಲು ಹೊರಡುವ ಮೊದಲು ಒಂದು ಹಾಳೆ ತೆಗೆದುಕೊಂಡು, ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆ, ಎಷ್ಟು ಹೊತ್ತಿಗೆ ಮರಳುತ್ತಾರೆ, ನಡುವೆ ಮಗು ಯಾರ ಬಳಿ ಇರಬಲ್ಲದು, ಶನಿವಾರ ಏನು ಮಾಡುವುದು, ಬೇಸಿಗೆ ರಜೆಯಲ್ಲಿ ಏನು ಮಾಡುವುದು ಎಂದು ಬರೆಯಿರಿ. ಅಜ್ಜಿ ಮನೆಯಲ್ಲಿದ್ದು ಮಗುವಿಗೆ ಮೂರು ತುಂಬಿದ್ದರೆ ಬೆಳಗಿನ ಮೂರು ಗಂಟೆಯ ನರ್ಸರಿಯೇ ಸಾಕು. ತಾಯಿ ಊರಾಚೆಯ ಗಾರ್ಮೆಂಟ್ಸ್‌ಗೆ, ತಂದೆ ಬೇಲೂರಿನ ಬ್ಯಾಂಕಿಗೆ ಹೋಗುವ ಮನೆಯಲ್ಲಾದರೆ, ಹನ್ನೆರಡೂವರೆಗೆ ಬಿಡುವ ಎಲ್‌ಕೆಜಿ ಎಷ್ಟೇ ಹೆಸರುವಾಸಿಯಾಗಿದ್ದರೂ ಕಷ್ಟ ತೀರುವುದಿಲ್ಲ. ಮಗುವಿನ ದಿನ ಶಾಲೆ, ವ್ಯಾನು, ಎದುರುಮನೆ ಎಂದು ಮೂರು ತುಂಡಾಗುತ್ತದೆ. ನಾಲ್ಕು ವರ್ಷದೊಳಗಿನ ಮಗು ಒಂದೇ ದಿನದಲ್ಲಿ ಎಷ್ಟು ಕೈ ಬದಲಾಗುತ್ತದೆ ಎಂಬುದು ಶಾಲೆಯ ಹೆಸರಿಗಿಂತ ದೊಡ್ಡ ವಿಷಯವೆಂದು ನಾನು ಭಾವಿಸುತ್ತೇನೆ. ಕೈಗಳು ಕಡಿಮೆಯಿದ್ದಷ್ಟೂ ಮಗು ನೆಮ್ಮದಿಯಾಗಿರುತ್ತದೆ.

ಎರಡನೆಯ ಲೆಕ್ಕ ವಯಸ್ಸಿನದು, ಇದನ್ನು ಒಂದನೇ ತರಗತಿಯಿಂದ ಹಿಂದಕ್ಕೆ ಎಣಿಸಬೇಕು. ಜೂನ್ 1ಕ್ಕೆ ಆರು ವರ್ಷ ತುಂಬಿದ ಮಗುವಿಗೆ ಮಾತ್ರ ಒಂದನೇ ತರಗತಿ ಎಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. 2025–26ರ ಸಾಲಿಗೆ ಮಾತ್ರ, ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ನೀಡಿ, ಆ ಮುಂದಿನ ವರ್ಷದಿಂದ ಆರು ವರ್ಷವೇ ಕಡ್ಡಾಯ ಎಂದು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಲಾಯಿತು. ಅದರಂತೆ ಎಲ್‌ಕೆಜಿಗೆ ನಾಲ್ಕು, ಯುಕೆಜಿಗೆ ಐದು ತುಂಬಿರಬೇಕು. ಒಂದು ಉದಾಹರಣೆ ನೋಡಿ. 2023ರ ಆಗಸ್ಟ್‌ನಲ್ಲಿ ಹುಟ್ಟಿದ ಮಗುವಿಗೆ 2029ರ ಜೂನ್ 1ಕ್ಕೆ ಆರು ತುಂಬಿರುವುದಿಲ್ಲ; ಅದರ ಒಂದನೇ ತರಗತಿ 2030ಕ್ಕೆ, ಹಾಗಾಗಿ ಎಲ್‌ಕೆಜಿ 2028ಕ್ಕೆ. ‘ಪರವಾಗಿಲ್ಲ, ಸೇರಿಸಿಕೊಳ್ಳುತ್ತೇವೆ’ ಎಂದು ಯಾರೋ 2027ರಲ್ಲೇ ಎಲ್‌ಕೆಜಿಗೆ ಕೂರಿಸಿಕೊಂಡರೆ, ಮುಂದೊಂದು ದಿನ ಆ ಮಗು ಗೆಳೆಯರೆಲ್ಲ ಒಂದನೇ ತರಗತಿಗೆ ಹೋದಾಗ ಮತ್ತೆ ಯುಕೆಜಿಯಲ್ಲೇ ಕೂರಬೇಕಾಗಬಹುದು. ಒಂದು ವರ್ಷ ಉಳಿಸಲು ಹೋಗಿ ಒಂದು ವರ್ಷದ ಫೀಸು ಹೆಚ್ಚಿಗೆ ಕಟ್ಟಿದಂತಾಗುತ್ತದೆ.

ಹಂತ 2: ನಿಮ್ಮ ಸುತ್ತ ಏನೇನಿದೆ ಎಂದು ಪಟ್ಟಿ ಮಾಡಿ

ಖಾಸಗಿ ಪ್ಲೇ ಹೋಮುಗಳಷ್ಟೇ ಕಣ್ಣಿಗೆ ಬೀಳುತ್ತವೆ, ಏಕೆಂದರೆ ಬ್ಯಾನರು ಕಟ್ಟುವವರು ಅವರೇ. ಪಟ್ಟಿ ಅದಕ್ಕಿಂತ ಉದ್ದವಿದೆ.

ಅಂಗನವಾಡಿಯಿಂದ ಶುರು ಮಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಈಗ ಹಾಸನ ನಗರದ ಬಡಾವಣೆಗಳಲ್ಲೂ ಜಿಲ್ಲೆಯ ಹಳ್ಳಿಹಳ್ಳಿಯಲ್ಲೂ ಅಂಗನವಾಡಿಗಳಿವೆ. ಅವು ಬಡವರಿಗೆ ಮಾತ್ರ ಎಂಬ ಭಾವನೆ ನಗರದಲ್ಲಿ ಬಲವಾಗಿದೆ, ಆದರೆ ಅಂಗನವಾಡಿಗೆ ಜಾತಿಯ, ಆದಾಯದ ಮಿತಿಯಿಲ್ಲ, ಶುಲ್ಕವೂ ಇಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಬೆಳಿಗ್ಗೆ ಒಂಬತ್ತೂವರೆ–ಹತ್ತರಿಂದ ಸಂಜೆ ನಾಲ್ಕರವರೆಗೆ ಶಾಲಾಪೂರ್ವ ಶಿಕ್ಷಣ, ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಸಿಗುತ್ತವೆ. ಪಾಠಕ್ರಮಕ್ಕೆ ‘ಚಿಲಿಪಿಲಿ’ ಎಂಬ ಚಟುವಟಿಕೆ ಆಧಾರಿತ ಕನ್ನಡ ಪುಸ್ತಕಗಳಿವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂಬುದು ನಿಯಮ, ಈ ಅನುಕೂಲ ಎಷ್ಟೋ ದುಬಾರಿ ನರ್ಸರಿಗಳಲ್ಲಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಸಾಮಾನ್ಯ ಅಂಗನವಾಡಿ ಮನೆಗೆ ಒಯ್ಯುವ ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕದ ದಾಖಲೆ ಇಷ್ಟನ್ನೇ ಕೊಡುತ್ತದೆ, ಹಗಲೆಲ್ಲ ನೋಡಿಕೊಳ್ಳುವುದಿಲ್ಲ. ಕೇಂದ್ರದ ‘ಪಾಲನಾ’ ಯೋಜನೆಯಲ್ಲಿ ಶಿಶುಪಾಲನಾ ಕೇಂದ್ರವನ್ನೂ ಸೇರಿಸಿಕೊಂಡ ಅಂಗನವಾಡಿ ನಿಮ್ಮ ಬಳಿ ಇದೆಯೇ ಎಂದು ಮೇಲ್ವಿಚಾರಕಿಯನ್ನು ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ, ಅಂದರೆ ಎಲ್ಲರೂ ಸಿಡಿಪಿಒ ಆಫೀಸು ಎನ್ನುವ ಕಡೆ, ಕೇಳಿ.

ಅಂಗನವಾಡಿಯ ದೌರ್ಬಲ್ಯವನ್ನೂ ಹೇಳಬೇಕು. ಅಲ್ಲಿರುವುದು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಕಾರ್ಯಕರ್ತೆಯ ಮೇಲೆ ಸಮೀಕ್ಷೆ, ಸಭೆ, ಮತದಾರರ ಪಟ್ಟಿಯ ಕೆಲಸ, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ಗೆ ಮಾಹಿತಿ ತುಂಬುವ ಕೆಲಸ ಎಲ್ಲವೂ ಬಿದ್ದಿರುತ್ತದೆ. ಆದ್ದರಿಂದ ಒಂದೇ ವಾರ್ಡಿನ ಎರಡು ಅಂಗನವಾಡಿಗಳ ನಡುವೆ ಅಜಗಜಾಂತರ ಇರಬಹುದು. ‘ನೀವು ಮೀಟಿಂಗಿಗೆ ಹೋದ ದಿನ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅಕ್ಕ?’ ಎಂಬ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಹಳ್ಳಿಯ ಕಡೆ ಇರುವವರು ಗ್ರಾಮ ಪಂಚಾಯಿತಿಯ ‘ಕೂಸಿನ ಮನೆ’ಯನ್ನು ವಿಚಾರಿಸಬೇಕು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ 2023ರಿಂದ ಈಚೆಗೆ ಪಂಚಾಯಿತಿಗಳಲ್ಲಿ ತೆರೆದ ಕೇಂದ್ರಗಳಿವು. ಸಕಲೇಶಪುರ, ಬೇಲೂರು, ಆಲೂರು ತಾಲ್ಲೂಕುಗಳ ಕಾಫಿ ತೋಟದಲ್ಲಿ ದುಡಿಯುವ ಕುಟುಂಬಗಳಿಗೆ ಇನ್ನೊಂದು ದಾರಿಯಿದೆ. ಐವತ್ತು ಅಥವಾ ಹೆಚ್ಚು ಹೆಂಗಸರು ಕೆಲಸ ಮಾಡುವ, ಇಲ್ಲವೇ ಅವರ ಮಕ್ಕಳ ಸಂಖ್ಯೆ ಇಪ್ಪತ್ತು ಮುಟ್ಟುವ ತೋಟದಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯ 12ನೇ ಕಲಮೇ ಹೇಳಿತ್ತು; 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಗುತ್ತಿಗೆದಾರನ ಮೂಲಕ ಬಂದವರನ್ನೂ ಆ ಎಣಿಕೆಗೆ ಸೇರಿಸಬೇಕಿತ್ತು. ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ನವೆಂಬರ್–ಡಿಸೆಂಬರಿನಿಂದ ಮುಂದಕ್ಕೆ, ತೋಟದ ಕೆಲಸಗಾರರು ಇರುವ ಲೈನ್ ಮನೆಗಳಲ್ಲಿ ದೊಡ್ಡವರು ಯಾರೂ ಉಳಿಯುವುದಿಲ್ಲ. ಎಳೆಗೂಸುಗಳು ಏಳೆಂಟು ವರ್ಷದ ಅಕ್ಕಂದಿರ ಕಂಕುಳಲ್ಲಿ ಉಳಿಯುತ್ತವೆ, ಆ ಅಕ್ಕಂದಿರ ಶಾಲೆ ತಪ್ಪುತ್ತದೆ. ಕೊಯ್ಲು ಶುರುವಾಗುವ ಮೊದಲೇ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ ಹತ್ತಿರ ಈ ಮಾತೆತ್ತುವುದು ಒಳ್ಳೆಯದು.

ಕಾರ್ಖಾನೆ, ಆಸ್ಪತ್ರೆ, ದೊಡ್ಡ ಕಚೇರಿಗಳಲ್ಲಿರುವ ತಾಯಂದಿರು ತಮ್ಮ ಹಕ್ಕನ್ನೂ ತಿಳಿದಿರಬೇಕು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 26 ವಾರಗಳ ರಜೆಯ ಜೊತೆಗೆ, ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಸೌಲಭ್ಯವನ್ನೂ, ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿ ಬರುವ ಅವಕಾಶವನ್ನೂ ತಂದಿತು. ಕೂಸಿಗೆ ಹಾಲೂಡಿಸುವ ತಾಯಿಗೆ ಈ ನಾಲ್ಕು ಬಾರಿ ಎಂಬುದು ದೊಡ್ಡ ವರ.

ಇನ್ನು ಖಾಸಗಿ ಪ್ಲೇ ಹೋಮ್, ಶಾಲೆಗಳಿಗೆ ಸೇರಿದ ಎಲ್‌ಕೆಜಿ–ಯುಕೆಜಿ, ಕೆಲವು ಸರ್ಕಾರಿ ಶಾಲೆಗಳಲ್ಲೂ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲೂ ಇರುವ ಪೂರ್ವ ಪ್ರಾಥಮಿಕ ತರಗತಿಗಳು, ಮಾಂಟೆಸ್ಸರಿ, ಮತ್ತು ಬಡಾವಣೆಯ ಯಾರೋ ಆಂಟಿ ತಮ್ಮ ಮನೆಯಲ್ಲೇ ನಡೆಸುವ ಬೇಬಿ ಸಿಟ್ಟಿಂಗ್. ಕೊನೆಯದನ್ನು ಹಗುರವಾಗಿ ಕಾಣಬೇಡಿ. ಒಂದೂವರೆ ವರ್ಷದ ಮಗುವಿಗೆ, ನಾಲ್ಕೇ ಮಕ್ಕಳನ್ನು ನೋಡಿಕೊಳ್ಳುವ ಪ್ರೀತಿಯ ಹೆಂಗಸೊಬ್ಬರ ಮನೆ, ಬಣ್ಣದ ಗೋಡೆಯ ನಲವತ್ತು ಮಕ್ಕಳ ಪ್ಲೇ ಹೋಮಿಗಿಂತ ಎಷ್ಟೋ ಮೇಲು.

ಹಂತ 3: ಫೋನಿನಲ್ಲೇ ಅರ್ಧ ಜರಡಿ ಹಿಡಿಯಿರಿ

ಎಲ್ಲ ಕಡೆಗೂ ಹೋಗುವ ಅಗತ್ಯವಿಲ್ಲ. ಮೊದಲು ಕೇಳಬೇಕಾದದ್ದು: ನನ್ನ ಮಗುವಿನ ವಯಸ್ಸಿನ ಗುಂಪಿನಲ್ಲಿ ಮಕ್ಕಳೆಷ್ಟು, ಅವರೊಂದಿಗೆ ಇಡೀ ಹೊತ್ತು ಇರುವ ದೊಡ್ಡವರೆಷ್ಟು? ‘ನಮ್ಮಲ್ಲಿ ಒಟ್ಟು ಎಂಟು ಸ್ಟಾಫ್ ಇದ್ದಾರೆ’ ಎಂಬ ಉತ್ತರ ಸಾಲದು. ಆ ಎಂಟರಲ್ಲಿ ಆಫೀಸಿನವರು, ಡ್ರೈವರು, ಅಡುಗೆಯವರೂ ಇರುತ್ತಾರೆ. ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರೂಪಿಸಿದ ಮಾರ್ಗಸೂಚಿ ಇಪ್ಪತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿ ಮತ್ತು ಒಬ್ಬ ಆಯಾ ಇರಬೇಕೆನ್ನುತ್ತದೆ, ದಿನಕ್ಕೆ ಮೂರು–ನಾಲ್ಕು ಗಂಟೆ ಸಾಕೆನ್ನುತ್ತದೆ, ಮೂರು ವರ್ಷ ತುಂಬದ ಮಗುವನ್ನು ಸೇರಿಸಿಕೊಳ್ಳಬಾರದೆನ್ನುತ್ತದೆ. ಶಿಶುಪಾಲನಾ ಕೇಂದ್ರಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಕನಿಷ್ಠ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಕಾರ್ಯಕರ್ತೆ ಎಂಬ ಅಳತೆಯಿದೆ. ಇವು ಕನಿಷ್ಠದ ಅಳತೆಗಳು. ಇನ್ನೂ ನಡೆಯದ ಕೂಸುಗಳಾದರೆ ಒಬ್ಬರ ಕೈಗೆ ಮೂರು–ನಾಲ್ಕಕ್ಕಿಂತ ಹೆಚ್ಚಿದ್ದರೆ ನಾನಂತೂ ಒಪ್ಪಲಾರೆ. ಬೆಂಕಿ ಬಿದ್ದರೆ ಒಬ್ಬ ಹೆಂಗಸು ಎಷ್ಟು ಕೂಸುಗಳನ್ನು ಎತ್ತಿಕೊಂಡು ಓಡಬಲ್ಲಳು ಎಂದು ಯೋಚಿಸಿದರೆ ಸಾಕು.

ಎರಡನೆಯದು ಕಾಗದಪತ್ರ. ಶಾಲೆಗೆ ಸೇರಿದ ಎಲ್‌ಕೆಜಿಯಾದರೆ ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಅಡಿಯ ನೋಂದಣಿಯನ್ನೂ 29ರಿಂದ ಆರಂಭವಾಗುವ ಹನ್ನೊಂದು ಅಂಕಿಯ ಯು-ಡೈಸ್ ಸಂಖ್ಯೆಯನ್ನೂ, ಅಂದರೆ ಪ್ರತಿ ಶಾಲೆಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆಯನ್ನೂ, ಕೇಳಿ. ಅನುಮಾನವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ತಾಳೆ ನೋಡಬಹುದು. ಮೂರನೆಯದು, ಕಳೆದ ವರ್ಷ ಇದ್ದ ಮಿಸ್ ಈ ವರ್ಷವೂ ಇದ್ದಾರೆಯೇ ಎಂಬುದು. ವರ್ಷಕ್ಕೆರಡು ಬಾರಿ ಶಿಕ್ಷಕಿಯರು ಬದಲಾಗುವ ಕಡೆ ಸಂಬಳ ಸರಿಯಿಲ್ಲ ಅಥವಾ ಮಾತು ಸರಿಯಿಲ್ಲ; ಎರಡರ ಬಿಸಿಯೂ ಕೊನೆಗೆ ಮಗುವಿಗೆ ತಟ್ಟುತ್ತದೆ.

ಮಗುವಿಗೂ ತಂದೆತಾಯಿಗೂ ಸಂದರ್ಶನ ಮಾಡುತ್ತೇವೆಂದು ಹೇಳುವ ಶಾಲೆಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಶಾಲಾ ಪ್ರವೇಶದಲ್ಲಿ ಇಂಥ ಪರೀಕ್ಷೆಯನ್ನೂ ಡೊನೇಷನ್ನನ್ನೂ ನಿಷೇಧಿಸಿದೆ. ಮೂರೂವರೆ ವರ್ಷದ ಮಗು ಹೊಸಬರ ಮುಂದೆ ಬಾಯಿ ಬಿಡದಿದ್ದರೆ ಅದು ಬುದ್ಧಿವಂತ ಮಗುವೇ.

ಹಂತ 4: ಎರಡು ಬಾರಿ ಹೋಗಿ, ಒಮ್ಮೆ ಹೇಳದೆ ಹೋಗಿ

ಮೊದಲ ಭೇಟಿ ಅವರು ಕೊಟ್ಟ ಸಮಯಕ್ಕೆ ಆಗಲಿ. ಅವರು ತೋರಿಸುವುದನ್ನೆಲ್ಲ ನೋಡಿ, ಮಾತು ಕೇಳಿ, ಬನ್ನಿ. ಎರಡನೆಯ ಸಲ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಹೇಳದೆ ಹೋಗಿ. ಒಳಗೆ ಬಿಡದಿರಲು ಅವರಿಗೆ ಕಾರಣವಿರಬಹುದು, ಮಕ್ಕಳ ಸುರಕ್ಷತೆಯೇ ಕಾರಣವಾಗಿದ್ದರೆ ಅದು ಒಳ್ಳೆಯ ಲಕ್ಷಣ ಕೂಡ. ಆದರೆ ಸೇರಿಸಿದ ಮೇಲೂ ಪೋಷಕರು ಗೇಟಿನಿಂದ ಒಳಗೆ ಬರುವಂತಿಲ್ಲ ಎಂಬುದು ನಿಯಮವಾಗಿದ್ದರೆ ಆ ಜಾಗವನ್ನು ಪಟ್ಟಿಯಿಂದ ತೆಗೆದುಬಿಡಿ.

ಊಟದ ಹೊತ್ತು. ಮಕ್ಕಳು ಕೈ ತೊಳೆಯುವುದು ಎಲ್ಲಿ, ನಲ್ಲಿ ಅವರ ಎತ್ತರಕ್ಕಿದೆಯೇ, ಸೋಪು ಇದೆಯೇ, ಎಲ್ಲರಿಗೂ ಒಂದೇ ಟವೆಲ್ಲೇ? ಒಳ್ಳೆಯ ಸಹಾಯಕಿ ತಟ್ಟೆಯ ಅಂಚಿನಲ್ಲಿ ಅನ್ನವನ್ನು ತಿಳಿಸಾರಿನಲ್ಲಿ ಮೆತ್ತಗೆ ಕಿವುಚಿ, ಮೊದಲ ಎರಡು ತುತ್ತು ತಾನು ಇಟ್ಟು, ಮೂರನೆಯದಕ್ಕೆ ಮಗುವಿನ ಬೆರಳುಗಳನ್ನೇ ಅನ್ನಕ್ಕೆ ಸೇರಿಸಿ, ಪಕ್ಕದ ಮಗುವಿನ ಕಡೆ ತಿರುಗುತ್ತಾಳೆ. ಮೈಮೇಲೆ ಚೆಲ್ಲಿಕೊಂಡರೆ ಬೈಯುವ ಬದಲು ಬಟ್ಟೆಯ ಚೂರೊಂದನ್ನು ಮಗುವಿನ ಕೈಗೇ ಕೊಡುತ್ತಾಳೆ. ಇನ್ನು ಕೆಲವು ಕಡೆ ಮಕ್ಕಳನ್ನು ಸಾಲಾಗಿ ಗೋಡೆಗೆ ಒರಗಿಸಿ, ಒಂದೇ ಚಮಚದಿಂದ ಆ ತುದಿಯಿಂದ ಈ ತುದಿಯವರೆಗೆ ಬಾಯಿಗೆ ತುರುಕುತ್ತ ಹೋಗುತ್ತಾರೆ, ಎದುರಿಗೆ ಟಿ.ವಿ. ಓಡುತ್ತಿರುತ್ತದೆ. ಹೊರಡಲು ಅದೊಂದು ಕಾರಣ ಸಾಕು. ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರುವುದು ಬೇಡ ಎಂದು ಭಾರತೀಯ ಶಿಶುವೈದ್ಯರ ಅಕಾಡೆಮಿ ಹೇಳಿದೆ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ, ಗಟ್ಟಿ ಮಿಠಾಯಿಗಳನ್ನು ಸಣ್ಣ ಮಕ್ಕಳಿಗೆ ಕೊಡುತ್ತಾರೆಯೇ, ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಅಲ್ಲಿ ಯಾರಿಗಾದರೂ ಗೊತ್ತೇ ಎಂದೂ ಕೇಳಿ.

ಬಾತ್‌ರೂಮ್. ‘ಒಂದು ನಿಮಿಷ ಬಾತ್‌ರೂಮಿಗೆ ಹೋಗಬೇಕಿತ್ತು’ ಎಂದು ಹೇಳಿ ಮಕ್ಕಳು ಬಳಸುವುದನ್ನೇ ನೋಡಿ ಬನ್ನಿ. ನೆಲ ಒದ್ದೆಯಾಗಿ ಜಾರುತ್ತಿದೆಯೇ, ಚಿಲಕವನ್ನು ಮಗು ಒಳಗಿನಿಂದ ಹಾಕಿಕೊಂಡು ಸಿಕ್ಕಿಬೀಳುವಂತಿದೆಯೇ, ಫಿನಾಯಿಲು, ಆಸಿಡ್ ಬಾಟಲಿ ಮಗುವಿನ ಕೈಗೆಟುಕುವ ಕಡೆ ಇವೆಯೇ, ನೀರು ತುಂಬಿದ ತೆರೆದ ಬಕೆಟ್ಟು ಇದೆಯೇ? ನಡೆಯಲು ಕಲಿಯುತ್ತಿರುವ ಮಗುವಿಗೆ ಒಂದು ಬಕೆಟ್ ನೀರೂ ಅಪಾಯ. ಡೈಪರ್ ಬಿಡಿಸದ ಮಗುವನ್ನು ಸೇರಿಸುವುದಿಲ್ಲ ಎನ್ನುವ ನರ್ಸರಿಗಳು ಊರಲ್ಲಿವೆ. ಎರಡರಿಂದ ಮೂರು ವರ್ಷದ ನಡುವೆ ಬಹುತೇಕ ಮಕ್ಕಳು ತಾವಾಗಿಯೇ ಆ ಹಂತಕ್ಕೆ ಬರುತ್ತವೆ, ಒಂದು ಅಡ್ಮಿಷನ್ ತಾರೀಖಿಗಾಗಿ ಮಗುವನ್ನು ಅವಸರಪಡಿಸಬೇಕಾಗಿಲ್ಲ. ಮಗು ಚಡ್ಡಿಯಲ್ಲಿ ಮಾಡಿಕೊಂಡಾಗ ಆಯಾ ಏನು ಹೇಳುತ್ತಾರೆಂಬುದನ್ನು ಒಮ್ಮೆ ಕಿವಿಯಾರೆ ಕೇಳಿದರೆ ಯಾವ ಬ್ರೋಷರೂ ಬೇಕಿಲ್ಲ.

ಮಲಗುವ ಹೊತ್ತು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನದೂ ಸೇರಿ ಹನ್ನೊಂದರಿಂದ ಹದಿನಾಲ್ಕು ಗಂಟೆ, ಮೂರು–ನಾಲ್ಕು ವರ್ಷದ ಮಗುವಿಗೆ ಹತ್ತರಿಂದ ಹದಿಮೂರು ಗಂಟೆ ನಿದ್ದೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಸಿಗೆ ಪ್ರತಿ ಮಗುವಿಗೂ ಬೇರೆಯೇ, ಮಲಗಿದ ಕೋಣೆಯಲ್ಲಿ ದೊಡ್ಡವರೊಬ್ಬರು ಇರುತ್ತಾರೆಯೇ, ಒಂದು ವರ್ಷದೊಳಗಿನ ಕೂಸನ್ನು ಅಂಗಾತ ಮಲಗಿಸುತ್ತಾರೆಯೇ ಎಂದು ನೋಡಿ. ನಲವತ್ತು ಮಕ್ಕಳು ಒಂದೂವರೆಗೆ ಸರಿಯಾಗಿ ಏಕಕಾಲಕ್ಕೆ ಗಾಢವಾಗಿ ನಿದ್ರಿಸುವ ಜಾಗ ಕಂಡರೆ ಸಂತೋಷಪಡುವ ಮೊದಲು, ನಿದ್ದೆ ಬಾರದ ಮಗುವನ್ನು ಏನು ಮಾಡುತ್ತೀರಿ ಎಂದು ಕೇಳಿ.

ಗೇಟಿನ ಹೊತ್ತು. ಮಗುವನ್ನು ಕರೆದೊಯ್ಯಲು ಯಾರಿಗೆ ಅನುಮತಿಯಿದೆ ಎಂಬ ಹೆಸರು, ಫೋಟೋ ಇರುವ ಪಟ್ಟಿ ಇರಬೇಕು. ‘ನಾಳೆ ನನ್ನ ತಮ್ಮ ಹೇಳದೆ ಬಂದು ಮಗುವನ್ನು ಕೇಳಿದರೆ?’ ಎಂದು ಕೇಳಿ ನೋಡಿ. ‘ಮಗು ಗುರುತು ಹಿಡಿದರೆ ಕಳಿಸುತ್ತೇವೆ ಮೇಡಂ’ ಎಂಬುದು ತಪ್ಪು ಉತ್ತರ. ‘ನಿಮಗೆ ಫೋನ್ ಮಾಡದೆ ಕಳಿಸುವುದಿಲ್ಲ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ’ ಎಂದವರಿಗೆ ಒಂದು ಅಂಕ ಹೆಚ್ಚು ಕೊಡಿ. ಕೆಲಸದವರೆಲ್ಲರ ಪೊಲೀಸ್ ಪರಿಶೀಲನೆ ಆಗಿದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಸಿಸಿಟಿವಿ ಇರಲಿ, ಒಳ್ಳೆಯದೇ, ಆದರೆ ಅದು ನಡೆದದ್ದನ್ನು ತೋರಿಸುತ್ತದೆ, ಮಗುವನ್ನು ಎತ್ತಿಕೊಳ್ಳುವುದಿಲ್ಲ.

ಹಂತ 5: ಮಳೆ, ವ್ಯಾನು, ಆನೆ

ಬೆಂಗಳೂರಿನವರು ಕೇಳದ ಕೆಲವು ಪ್ರಶ್ನೆಗಳನ್ನು ನಾವಿಲ್ಲಿ ಕೇಳಲೇಬೇಕು. ಜುಲೈ ತಿಂಗಳಲ್ಲಿ ಸಕಲೇಶಪುರದ ಕಡೆ ಒಗೆದ ಬಟ್ಟೆ ಮೂರು ದಿನವಾದರೂ ಆರುವುದಿಲ್ಲ. ಒದ್ದೆಯಾದ ಸಾಕ್ಸು, ಚಡ್ಡಿ ಬದಲಿಸಲು ಎಷ್ಟು ಜೊತೆ ಇಟ್ಟುಕೊಳ್ಳುತ್ತಾರೆ, ತಣ್ಣಗಿನ ಟೈಲ್ಸ್ ನೆಲದ ಮೇಲೆ ಏನು ಹಾಸುತ್ತಾರೆ, ಗೋಡೆಗಳಲ್ಲಿ ಬೂಷ್ಟು ಹಿಡಿದಿದೆಯೇ, ಕರೆಂಟು ಹೋದಾಗ ಕೋಣೆಗೆ ಬೆಳಕೆಲ್ಲಿಂದ ಎಂಬುದನ್ನು ಮಳೆಗಾಲದಲ್ಲೇ ಹೋಗಿ ನೋಡಿದರೆ ಇನ್ನೂ ಒಳ್ಳೆಯದು. ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ಮಲೆನಾಡಿನ ತಾಲ್ಲೂಕುಗಳ ಅಂಗನವಾಡಿ, ಶಾಲೆಗಳಿಗೆ ರಜೆ ಕೊಡುತ್ತಾರೆ. ನಿಮ್ಮ ಕಚೇರಿಗೆ ರಜೆ ಇರುವುದಿಲ್ಲ. ಆ ದಿನ ಡೇ ಕೇರ್ ತೆರೆದಿರುತ್ತದೆಯೇ ಎಂದು ಸೇರಿಸುವ ಮೊದಲೇ ಕೇಳಿಟ್ಟುಕೊಳ್ಳಬೇಕು, ಮುಚ್ಚುವುದಾದರೆ ಮನೆಯಲ್ಲಿ ಬದಲಿ ವ್ಯವಸ್ಥೆ ಇರಬೇಕು.

ಮೂರು–ನಾಲ್ಕು ವರ್ಷದ ಮಗುವನ್ನು ವ್ಯಾನಿನಲ್ಲಿ ದಿನಕ್ಕೆ ಎರಡು ಗಂಟೆ ಕೂರಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಆಲೂರಿನಿಂದ ಹಾಸನದ ‘ಒಳ್ಳೆಯ’ ನರ್ಸರಿಗೆ ಕಳಿಸುವ ಬದಲು ಆಲೂರಿನದೇ ಸಾಧಾರಣ ನರ್ಸರಿ ವಾಸಿ. ಕಳಿಸಲೇಬೇಕಾದರೆ ವ್ಯಾನಿನಲ್ಲಿ ಡ್ರೈವರಲ್ಲದೆ ಒಬ್ಬ ಹೆಂಗಸು ಇರಬೇಕು, ಇಳಿಯುವಾಗ ಮಕ್ಕಳನ್ನು ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ಆನೆ ಓಡಾಡುವ ಸಕಲೇಶಪುರ, ಆಲೂರು, ಬೇಲೂರಿನ ಹಳ್ಳಿಗಳಲ್ಲಿ ಮುಂಜಾನೆ ಮಗುವನ್ನು ತೋಟದ ದಾರಿಯಲ್ಲಿ ನಡೆಸಿಕೊಂಡು ಬಂದು ವ್ಯಾನಿಗೆ ಕಾಯುವುದು ಬೇಡ. ವ್ಯಾನು ಮನೆಯ ಹತ್ತಿರಕ್ಕೆ ಬರಲಿ, ಅರಣ್ಯ ಇಲಾಖೆಯ ಎಚ್ಚರಿಕೆ ಸಂದೇಶಗಳು ಡ್ರೈವರಿನ ಫೋನಿಗೂ ಬರುವಂತೆ ಮಾಡಿ.

ಹಂತ 6: ಏನು ಕಲಿಸುತ್ತಾರೆ, ಯಾವ ಭಾಷೆಯಲ್ಲಿ

ಮೆದುಳಿನ ಬೆಳವಣಿಗೆಯ ಶೇ. 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ಈ ವಾಕ್ಯವನ್ನು ಕರಪತ್ರಗಳಲ್ಲಿ ಅಚ್ಚು ಹಾಕಿಸಿ, ಅದಕ್ಕಾಗಿ ಮೂರು ವರ್ಷಕ್ಕೇ ಕರ್ಸಿವ್ ಬರವಣಿಗೆ ಎಂದು ಹೇಳುವವರಿದ್ದಾರೆ. ಅದೇ ನೀತಿಯ ಮುಂದುವರಿಕೆಯಾಗಿ 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಮೂರರಿಂದ ಆರು ವರ್ಷದವರಿಗೆ ಪಠ್ಯಪುಸ್ತಕ ಬೇಡ, ಆಟ, ಕಥೆ, ಹಾಡು, ಕೈಕೆಲಸಗಳ ಮೂಲಕ ಕಲಿಯಲಿ, ಮನೆಯ ಭಾಷೆಯಲ್ಲಿ ಕಲಿಯಲಿ ಎನ್ನುತ್ತದೆ. ಪೆನ್ಸಿಲನ್ನು ಮೂರು ಬೆರಳಲ್ಲಿ ಸರಿಯಾಗಿ ಹಿಡಿಯುವ ಶಕ್ತಿಯೇ ಬಹುತೇಕ ಮಕ್ಕಳಿಗೆ ನಾಲ್ಕು ದಾಟಿದ ಮೇಲೆ ಬರುತ್ತದೆ. ಅದಕ್ಕೆ ಮೊದಲು ಆ ಬೆರಳುಗಳಿಗೆ ಬೇಕಾದದ್ದು ಜೇಡಿಮಣ್ಣು, ಅವರೆಕಾಳು ಸುಲಿಯುವುದು, ಮಣಿ ಪೋಣಿಸುವುದು. ನಮ್ಮ ಜಿಲ್ಲೆಯಲ್ಲಿ ಡಿಸೆಂಬರಿನ ಸೊಗಡವರೆಗಿಂತ ಒಳ್ಳೆಯ ಕಲಿಕಾ ಸಾಮಗ್ರಿ ಹುಡುಕಿದರೂ ಸಿಗದು.

ಭಾಷೆಯ ವಿಷಯದಲ್ಲಿ ಮನೆಯವರು ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳಬೇಕು. ಮುಂದೆ ಇಂಗ್ಲಿಷ್ ಮಾಧ್ಯಮಕ್ಕೇ ಸೇರಿಸುವ ತೀರ್ಮಾನ ಆಗಿದ್ದರೂ, ಹೊಟ್ಟೆನೋವು, ಹಸಿವು, ಹೆದರಿಕೆಯನ್ನು ಮಗು ತನ್ನ ಭಾಷೆಯಲ್ಲಿ ಹೇಳಿಕೊಳ್ಳಲು ಬಿಡುವ ಜಾಗವೇ ಬೇಕು. ಕನ್ನಡ ಮಾತಾಡಿದ್ದಕ್ಕೆ ದಂಡ, ‘ನೋ ಕನ್ನಡ’ ಎಂಬ ಬಿಲ್ಲೆ ಇರುವ ಕಡೆ ಮಗು ಕಲಿಯುವ ಮೊದಲ ಪಾಠ ಸುಮ್ಮನಿರುವುದು. ಮನೆಯಲ್ಲಿ ತುಳು, ಬ್ಯಾರಿ, ಉರ್ದು, ತಮಿಳು ಆಡುವ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ. ತೋಟಗಳ ಕಡೆ ಇಂಥ ಮಕ್ಕಳು ಕಡಿಮೆಯೇನಿಲ್ಲ.

‘ಮಾಂಟೆಸ್ಸರಿ’ ಎಂಬ ಹೆಸರನ್ನು ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆಸಬಹುದು. 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿಗೆ ಬಂದು ಯುದ್ಧಕಾಲವನ್ನೆಲ್ಲ ಭಾರತದಲ್ಲೇ ಕಳೆದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆ ಪರಂಪರೆಯ ತರಬೇತಿ ಪಡೆದವರು ಇಂದಿಗೂ ಇದ್ದಾರೆ. ನಿಜವಾದ ಮಾಂಟೆಸ್ಸರಿ ಕೋಣೆಯಲ್ಲಿ ಎರಡೂವರೆಯಿಂದ ಆರು ವರ್ಷದ ಮಕ್ಕಳು ಒಟ್ಟಿಗಿರುತ್ತಾರೆ, ಸಾಮಗ್ರಿಗಳು ಮಕ್ಕಳ ಕೈಗೆಟುಕುವ ತಗ್ಗು ಶೆಲ್ಫಿನಲ್ಲಿರುತ್ತವೆ, ಮಗು ತಾನೇ ಆರಿಸಿ, ಚಾಪೆ ಹಾಸಿಕೊಂಡು ಕೆಲಸ ಮಾಡುತ್ತದೆ. ಸಾಮಗ್ರಿಯೆಲ್ಲ ಗಾಜಿನ ಬೀರುವಿನಲ್ಲಿ ಬೀಗ ಹಾಕಿದ್ದರೆ ಅದು ಹೆಸರಿಗಷ್ಟೇ ಮಾಂಟೆಸ್ಸರಿ.

ಹಂತ 7: ಹಣದ ಮಾತು

ತಿಂಗಳ ಫೀಸನ್ನು ಮಾತ್ರ ಹೋಲಿಸಿದರೆ ಮೋಸ ಹೋಗುತ್ತೀರಿ. ಪ್ರವೇಶ ಶುಲ್ಕ, ಪುಸ್ತಕ, ಯೂನಿಫಾರ್ಮ್, ವ್ಯಾನು, ಊಟ, ವಾರ್ಷಿಕೋತ್ಸವದ ಡ್ರೆಸ್ಸು, ಸಂಜೆ ಅರ್ಧ ಗಂಟೆ ತಡವಾದರೆ ಹಾಕುವ ಹೆಚ್ಚುವರಿ, ಬೇಸಿಗೆ ರಜೆಯಲ್ಲೂ ಕಟ್ಟಬೇಕಾದ ತಿಂಗಳುಗಳು, ಎಲ್ಲ ಸೇರಿಸಿ ವರ್ಷದ ಮೊತ್ತ ಬರೆದು ಹನ್ನೆರಡರಿಂದ ಭಾಗಿಸಿ ನೋಡಿ. ನಡುವೆ ಬಿಡಿಸಿದರೆ ಎಷ್ಟು ವಾಪಸು ಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ, ರಸೀದಿಯಿಲ್ಲದೆ ಕಟ್ಟಬೇಡಿ.

ಹಂತ 8: ಸೇರಿಸುವ ಮೊದಲ ಎರಡು ವಾರ

ಎಂಟು–ಹತ್ತು ತಿಂಗಳಿಂದ ಒಂದೂವರೆ ವರ್ಷದವರೆಗೆ ಅಮ್ಮನನ್ನು ಬಿಟ್ಟಿರಲಾರದ ಹೆದರಿಕೆ ಮಕ್ಕಳಲ್ಲಿ ತೀವ್ರವಾಗಿರುತ್ತದೆ, ಕೆಲವರಲ್ಲಿ ಮೂರರವರೆಗೂ ಇರುತ್ತದೆ. ಆದ್ದರಿಂದ ಮೊದಲ ಎರಡು ದಿನ ನೀವೂ ಜೊತೆಗಿದ್ದು ಒಂದು ಗಂಟೆಗೇ ಕರೆತನ್ನಿ. ಆಮೇಲೆ ಸ್ವಲ್ಪ ಹೊತ್ತು ಹೊರಗೆ ಹೋಗಿ ಬನ್ನಿ. ಊಟದವರೆಗೆ, ಬಳಿಕ ನಿದ್ದೆಯವರೆಗೆ ಹೀಗೆ ಹೊತ್ತನ್ನು ಬೆಳೆಸಿ. ಕೆಲಸಕ್ಕೆ ಮರಳುವ ತಾರೀಖಿಗೆ ಎರಡು ವಾರ ಮೊದಲೇ ಇದನ್ನು ಶುರು ಮಾಡಿದರೆ ಇಬ್ಬರಿಗೂ ಅನುಕೂಲ. ಕಣ್ಣು ತಪ್ಪಿಸಿ ಓಡಿಬರಬೇಡಿ. ‘ಅಮ್ಮ ಮಲಗೆದ್ದ ಮೇಲೆ ಬರ್ತಾಳೆ’ ಎಂದು ಮಗುವಿಗೆ ತಿಳಿಯುವ ಗುರುತು ಹೇಳಿ, ಹೇಳಿದ ಹೊತ್ತಿಗೆ ತಪ್ಪದೆ ಹೋಗಿ. ಮನೆಯ ಹಳೆಯ ಸೀರೆಯ ತುಂಡೋ ಹೊದಿಕೆಯೋ ಜೊತೆಗಿದ್ದರೆ ಮಧ್ಯಾಹ್ನದ ನಿದ್ದೆ ಸುಲಭ.

ಜೊತೆಗೆ ಕೊಡಬೇಕಾದ ಕಾಗದಗಳು: ಜನನ ಪ್ರಮಾಣಪತ್ರದ ಪ್ರತಿ, ತಾಯಿ ಕಾರ್ಡ್, ಚುಚ್ಚುಮದ್ದಿನ ದಾಖಲೆ. ಒಂಬತ್ತು ತಿಂಗಳು ತುಂಬಿದ ಮೇಲಿನ ಮತ್ತು 16–24 ತಿಂಗಳ ದಡಾರ–ರುಬೆಲ್ಲಾ ಡೋಸುಗಳು ಬಿಟ್ಟುಹೋಗಿದ್ದರೆ ಗುಂಪಿನೊಳಗೆ ಕಳಿಸುವ ಮೊದಲೇ ಹಾಕಿಸಿ. ಅಲರ್ಜಿ, ಜ್ವರ ಬಂದರೆ ಫಿಟ್ಸ್ ಆಗುವ ಸ್ವಭಾವ, ಕೊಡಬೇಕಾದ ಔಷಧಿಯ ಅಳತೆ ಎಲ್ಲವನ್ನೂ ಬಾಯಲ್ಲಿ ಹೇಳದೆ ಬರೆದುಕೊಡಿ. ಎರಡು ತುಂಬಿದರೂ ಎರಡು ಪದ ಜೋಡಿಸಿ ಮಾತಾಡದ, ಹೆಸರು ಕರೆದರೆ ತಿರುಗದ ಮಗುವಾದರೆ ‘ಶಾಲೆಗೆ ಹೋದರೆ ಸರಿಹೋಗುತ್ತದೆ’ ಎಂದು ಕಾಯಬಾರದು. ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಗತ್ಯ ಬಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬನ್ನಿ. ಹಾಸನದಿಂದ ರೈಲಿನಲ್ಲಿ ಹೋಗಿ ಬರುವಷ್ಟೇ ದೂರ.

ಹಂತ 9: ಸೇರಿಸಿದ ಮೇಲೆ

ಮೊದಲ ತಿಂಗಳಲ್ಲಿ ಬೆಳಿಗ್ಗೆ ಅಳುವುದು ಸಹಜ, ಪದೇ ಪದೇ ನೆಗಡಿ ಬರುವುದೂ ಸಹಜ. ನೀವು ಗೇಟು ದಾಟಿದ ಐದು–ಹತ್ತು ನಿಮಿಷದಲ್ಲಿ ಅಳು ನಿಲ್ಲುತ್ತದೆಯೇ ಎಂಬುದು ಮುಖ್ಯ. ‘ಇವತ್ತೇನು ಕಲಿತೆ?’ ಎಂದು ಕೇಳಿದರೆ ಯಾವ ಮಗುವೂ ಹೇಳುವುದಿಲ್ಲ. ‘ಇವತ್ತು ಯಾರ ಪಕ್ಕ ಕೂತು ಊಟ ಮಾಡಿದೆ?’ ಎಂದು ಕೇಳಿದರೆ ಕಥೆಯೇ ಹೊರಬರುತ್ತದೆ. ಚೆನ್ನಾಗಿ ಹೊಂದಿಕೊಂಡಿದ್ದ ಮಗು ಇದ್ದಕ್ಕಿದ್ದಂತೆ ಒಬ್ಬರ ಹೆಸರು ಕೇಳಿದರೆ ಬೆದರುವುದು, ಬಾತ್‌ರೂಮಿಗೆ ಹೋಗಲು ಹಟ ಮಾಡುವುದು, ಮೈಮೇಲೆ ವಿವರಣೆಯಿಲ್ಲದ ಗಾಯ, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು ಕಂಡರೆ ತಡಮಾಡದೆ ವಿಚಾರಿಸಬೇಕು. ಮಗುವಿನ ಮುಂದೆ ಜಗಳ ಬೇಡ. ದಿನಾಂಕ, ಗಾಯದ ಫೋಟೋ, ಮಗು ಆಡಿದ ಮಾತನ್ನು ಅದರದೇ ಶಬ್ದಗಳಲ್ಲಿ ಬರೆದಿಟ್ಟುಕೊಳ್ಳಿ.

ದೂರಿನ ದಾರಿ ಜಾಗಕ್ಕೆ ತಕ್ಕಂತೆ ಬೇರೆ. ಅಂಗನವಾಡಿಯ ವಿಷಯವಾದರೆ ಪೋಷಕರೂ ಸದಸ್ಯರಾಗಿರುವ ಬಾಲವಿಕಾಸ ಸಮಿತಿ, ಬಳಿಕ ಮೇಲ್ವಿಚಾರಕಿ, ಸಿಡಿಪಿಒ. ಶಾಲೆಯ ಎಲ್‌ಕೆಜಿಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಹೊಡೆತ, ಕ್ರೌರ್ಯ, ಲೈಂಗಿಕ ಕಿರುಕುಳದ ಅನುಮಾನವಿದ್ದರೆ ಈ ಮೆಟ್ಟಿಲುಗಳನ್ನು ಹತ್ತುತ್ತ ಕೂರದೆ ನೇರವಾಗಿ ಮಕ್ಕಳ ಸಹಾಯವಾಣಿ 1098ಕ್ಕೋ 112ಕ್ಕೋ ಕರೆ ಮಾಡಿ; ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಮತ್ತು 2015ರ ಬಾಲನ್ಯಾಯ ಕಾಯ್ದೆಗಳು ಇರುವುದು ಅದಕ್ಕೇ. ಅಷ್ಟು ದೊಡ್ಡ ಕಾರಣವಿಲ್ಲದೆ, ಮಗುವಿಗೆ ಹೊಂದಿಕೆಯಾಗಲಿಲ್ಲ ಎಂಬ ಕಾರಣಕ್ಕೂ ಜಾಗ ಬದಲಿಸಬಹುದು. ಆಗ ಕಟ್ಟಿದ ಫೀಸಿನ ಲೆಕ್ಕ ಮುಂದಿಟ್ಟುಕೊಂಡು ಮಾರ್ಚ್‌ವರೆಗೆ ಎಳೆಯುವ ಬದಲು, ಮೊದಲ ಪಟ್ಟಿಯಲ್ಲಿ ಎರಡನೆಯದಾಗಿ ಬರೆದಿದ್ದ ಜಾಗಕ್ಕೆ ಫೋನ್ ಮಾಡಿ, ಮಗುವಿನ ವಯಸ್ಸಿನ ಗುಂಪಿನಲ್ಲಿ ಈಗ ಎಷ್ಟು ಮಕ್ಕಳಿದ್ದಾರೆಂದು ಕೇಳಿ.